ಗಾಳದ ರೀಲ್ ಕೊಳ್ಳುವ ಮುನ್ನ: ಯಾವುದನ್ನು ಯಾವುದರ ಜೊತೆ ಹೋಲಿಸಬೇಕು?

ರೀಲಿನ ಡಬ್ಬಿಯ ಮೇಲೆ ಕಣ್ಣಿಗೆ ರಾಚುವ ಹಾಗೆ ಅಚ್ಚಾಗಿರುವುದು ಸಾಮಾನ್ಯವಾಗಿ ಮೂರು ಸಂಗತಿ: ಎಷ್ಟು ಬೇರಿಂಗ್, ಎಷ್ಟು ಕಿಲೊ ಡ್ರ್ಯಾಗ್ (ಮೀನು ಎಳೆದಾಗ ದಾರವನ್ನು ತಡೆದು ತಡೆದು ಬಿಡುವ ಹಿಡಿತ), ಗೇರ್ ಅನುಪಾತ ಎಷ್ಟು. ಎರಡು ರೀಲ್ ಮುಂದಿಟ್ಟುಕೊಂಡು ಆರಿಸಲು ಕೂತವರು ಈ ಮೂರನ್ನೇ ತಾಳೆ ನೋಡಿ, ಅಂಕಿ ದೊಡ್ಡದಿರುವುದನ್ನು ಎತ್ತಿಕೊಂಡು ಹೋಗುತ್ತಾರೆ. ನನ್ನ ಪ್ರಕಾರ ರೀಲಿನ ಬಗ್ಗೆ ಅತಿ ಕಡಿಮೆ ಹೇಳುವ ಅಂಕಿಗಳೇ ಇವು. ಬೇರೆ ಬೇರೆ ಜಾತಿಯ ರೀಲುಗಳ ನಡುವೆ ಇವನ್ನು ಹೋಲಿಸಲು ಬರುವುದೇ ಇಲ್ಲ. ಡಬ್ಬಿಯ ಬದಿಯಲ್ಲಿ ಸಣ್ಣಕ್ಷರದಲ್ಲಿ ಇರುತ್ತದಲ್ಲ, ತೂಕ, ಹಿಡಿಸುವ ದಾರ, ಹ್ಯಾಂಡಲ್ ಒಂದು ಸುತ್ತು ತಿರುಗಿದರೆ ಒಳಬರುವ ದಾರದ ಉದ್ದ, ಹೋಲಿಕೆಗೆ ಒದಗುವುದು ಆ ಲೆಕ್ಕ. ಮಿಕ್ಕಿದ್ದನ್ನು ಕೈಯಲ್ಲಿ ಹಿಡಿದೇ ನೋಡಬೇಕು.

ಮೊದಲು ರೀಲ್ ಬಿಡಿ, ಚೀಟಿ ಬರೆಯಿರಿ

ಅಂಗಡಿಗೆ ಹೋಗುವ ಮೊದಲು ನಾಲ್ಕು ಸಾಲು ಬರೆದಿಟ್ಟುಕೊಳ್ಳಿ. ನೀವು ಎಸೆಯುವ ಎರೆ ಅಥವಾ ಲ್ಯೂರ್ (ಕೃತಕ ಎರೆ) ಎಷ್ಟು ಗ್ರಾಂ ತೂಗುತ್ತದೆ, ಸೀಸದ ಗುಂಡೂ ಸೇರಿಸಿ. ಬಳಸುವ ದಾರ ಎಷ್ಟು ಕಿಲೊ ತಡೆಯುತ್ತದೆ, ಎಷ್ಟು ದಪ್ಪ. ಸಿಹಿನೀರೋ ಉಪ್ಪುನೀರೋ. ಮೀನು ಸಿಕ್ಕಾಗ ಏನು ಮಾಡುತ್ತದೆ: ಒಂದೇ ಓಟಕ್ಕೆ ನೂರು ಮೀಟರ್ ದಾರ ಎಳೆದುಕೊಂಡು ಹೋಗುವ ಜಾತಿಯೋ, ಬಂಡೆಯ ಸಂದಿಗೋ ಗಿಡಗಂಟಿಗೋ ನುಗ್ಗುವ ಜಾತಿಯೋ, ಸುಮ್ಮನೆ ತಲೆ ಒದರುವ ಸಣ್ಣ ಮೀನೋ.

ಎರೆಯ ತೂಕವೇ ಇವುಗಳಲ್ಲಿ ಮುಖ್ಯ. ರೀಲಿನ ಜಾತಿಯನ್ನು ಮುಕ್ಕಾಲು ಪಾಲು ಅದೇ ನಿರ್ಧರಿಸುತ್ತದೆ. ರಾಡ್, ಅಂದರೆ ಗಾಳದ ಕೋಲು, ಈಗಾಗಲೇ ಮನೆಯಲ್ಲಿದ್ದರೆ ಅದರ ಬುಡದ ಹತ್ತಿರ ನೋಡಿ. ಎಷ್ಟು ಗ್ರಾಂನಿಂದ ಎಷ್ಟು ಗ್ರಾಂವರೆಗೆ ಎಸೆಯಬಹುದೆಂದು ಹೆಚ್ಚಿನ ರಾಡುಗಳ ಮೇಲೆ ಬರೆದಿರುತ್ತಾರೆ. ರಾಡಿನ ಬಗೆಯನ್ನೂ ಗಮನಿಸಿ. ಸ್ಪಿನ್ನಿಂಗ್ ರಾಡಿನಲ್ಲಿ ರೀಲ್ ಕೆಳಗೆ ನೇತಾಡುತ್ತದೆ, ಬುಡದ ಕಡೆಯ ಉಂಗುರ ದೊಡ್ಡದಾಗಿರುತ್ತದೆ. ಬೇಟ್‌ಕಾಸ್ಟಿಂಗ್ ರಾಡಿನಲ್ಲಿ ರೀಲ್ ಮೇಲೆ ಕೂರುತ್ತದೆ, ಉಂಗುರಗಳು ಸಣ್ಣವು. ಒಂದರ ರೀಲನ್ನು ಇನ್ನೊಂದಕ್ಕೆ ಸಿಕ್ಕಿಸಲು ಆಗದೆ ಏನಿಲ್ಲ, ಆದರೆ ಎಸೆತ ಹಾಳಾಗುತ್ತದೆ.

ಜಾತಿ ಆರಿಸುವುದು

ಸ್ಪಿನ್ನಿಂಗ್ ರೀಲಿನಲ್ಲಿ ಎಸೆಯುವಾಗ ದಾರ ಸುತ್ತಿರುವ ಸ್ಪೂಲ್ ತಿರುಗುವುದಿಲ್ಲ. ಬೇಲ್ ಎಂಬ ತಂತಿಯ ಕಮಾನನ್ನು ಎತ್ತಿದರೆ ಸಾಕು, ನಿಂತ ಸ್ಪೂಲಿನ ಅಂಚಿನಿಂದ ದಾರ ಸುರುಳಿಸುರುಳಿಯಾಗಿ ಜಾರಿ ಹೋಗುತ್ತದೆ. ಬ್ರಿಟನ್ನಿನ ಜವಳಿ ಉದ್ಯಮಿ ಆಲ್‌ಫ್ರೆಡ್ ಹೋಲ್ಡನ್ ಇಲ್ಲಿಂಗ್‌ವರ್ತ್ 1905ರಲ್ಲಿ ಪೇಟೆಂಟ್ ಮಾಡಿಸಿದ ರೀಲಿನ ಮೂಲ ಉಪಾಯವೂ ಇದೇ. ಸ್ಪೂಲನ್ನು ತಿರುಗಿಸುವ ಭಾರ ಎರೆಯ ಮೇಲೆ ಬೀಳುವುದಿಲ್ಲವಾದ್ದರಿಂದ ಎರಡು ಮೂರು ಗ್ರಾಂನ ಲ್ಯೂರ್ ಕೂಡ ದೂರ ಹೋಗುತ್ತದೆ. ಎದುರುಗಾಳಿಯಲ್ಲೂ ದೊಡ್ಡ ಅವಾಂತರವಾಗುವುದಿಲ್ಲ. ಹ್ಯಾಂಡಲನ್ನು ಬಿಚ್ಚಿ ಎಡಕ್ಕೂ ಬಲಕ್ಕೂ ಹಾಕಿಕೊಳ್ಳಬಹುದು. ಮೊದಲ ಬಾರಿ ಕೊಳ್ಳುತ್ತಿರುವವರಿಗೆ ಇದನ್ನು ಬಿಟ್ಟು ಬೇರೆ ಹೇಳಲು ನನಗೆ ಬಲವಾದ ಕಾರಣ ಇದುವರೆಗೆ ಸಿಕ್ಕಿಲ್ಲ.

ಇದರ ದೊಡ್ಡ ದೋಷ ದಾರ ಮುರಿಗೊಳ್ಳುವುದು. ಮೀನು ದಾರ ಎಳೆಯುತ್ತಿದೆ, ಡ್ರ್ಯಾಗ್ ಕಿರ್ರೆಂದು ಜಾರುತ್ತಿದೆ, ಆಗಲೂ ಗಾಬರಿಯಲ್ಲಿ ಹ್ಯಾಂಡಲ್ ತಿರುಗಿಸುತ್ತಲೇ ಇದ್ದರೆ ದಾರ ಒಂದಿಷ್ಟೂ ಒಳಬರುವುದಿಲ್ಲ. ರೋಟರ್ (ಬೇಲನ್ನು ಹೊತ್ತು ಸ್ಪೂಲಿನ ಸುತ್ತ ತಿರುಗುವ ಭಾಗ) ಸುತ್ತಿದ ಒಂದೊಂದು ಸುತ್ತಿಗೂ ಒಂದೊಂದು ಮುರಿ ಮಾತ್ರ ದಾರಕ್ಕೆ ಸೇರುತ್ತದೆ. ಅನುಪಾತ 6.2:1 ಎಂದಿದ್ದರೆ ಹ್ಯಾಂಡಲಿನ ಒಂದು ಸುತ್ತಿಗೆ ಆರಕ್ಕೂ ಹೆಚ್ಚು ಮುರಿ. ಮುಂದಿನ ಎಸೆತದಲ್ಲಿ ಅದೆಲ್ಲ ಗಂಟಾಗಿ ಉಂಗುರಕ್ಕೆ ಸಿಕ್ಕಿಕೊಳ್ಳುತ್ತದೆ. ಬಹಳ ಜನ ಇದನ್ನು ದಾರದ ದೋಷವೆಂದು ತಿಳಿದು ದಾರ ಬದಲಿಸುತ್ತಾ ಇರುತ್ತಾರೆ. ಬೇಲನ್ನು ಹ್ಯಾಂಡಲ್ ತಿರುಗಿಸಿ ಮುಚ್ಚುವ ಬದಲು ಕೈಯಿಂದ ಮುಚ್ಚಿ, ದಾರವನ್ನು ಒಮ್ಮೆ ಬಿಗಿಯಾಗಿ ಜಗ್ಗಿ ಸುತ್ತಲು ಶುರು ಮಾಡಿದರೆ ಸಡಿಲ ಸುರುಳಿಗಳ ಕಾಟವೂ ಅರ್ಧಕ್ಕಿಳಿಯುತ್ತದೆ.

ಬೇಟ್‌ಕಾಸ್ಟರ್ ಇದಕ್ಕೆ ತದ್ವಿರುದ್ಧ. ಬಾವಿಯ ರಾಟೆಯ ಹಾಗೆ ಸ್ಪೂಲ್ ತಾನೇ ತಿರುಗಿ ದಾರ ಬಿಡುತ್ತದೆ, ತಾನೇ ತಿರುಗಿ ಸುತ್ತಿಕೊಳ್ಳುತ್ತದೆ. ದಾರ ನೇರವಾಗಿ ಬಂದು ನೇರವಾಗಿ ಹೋಗುವುದರಿಂದ ಮುರಿ ಬೀಳುವುದಿಲ್ಲ, ದಪ್ಪ ದಾರಕ್ಕೂ ಒಗ್ಗುತ್ತದೆ, ಮೀನನ್ನು ಗಿಡಗಂಟಿಯಿಂದ ಎಳೆದು ತರಲು ಬೇಕಾದ ಬಿಗಿ ಸಿಗುತ್ತದೆ. ಎಸೆದ ಎರೆಯನ್ನು ಹೆಬ್ಬೆರಳಿನಿಂದ ಸ್ಪೂಲ್ ಒತ್ತಿ ಬೇಕಾದ ಜಾಗದಲ್ಲೇ ಇಳಿಸಬಹುದು. ಕೈ ಕುದುರಿದವರ ಎಸೆತದ ಗುರಿ ಸ್ಪಿನ್ನಿಂಗ್ ರೀಲಿಗೆ ಸುಲಭವಾಗಿ ಬರುವುದಿಲ್ಲ.

ಆದರೆ ಆ ತಿರುಗುವ ಸ್ಪೂಲೇ ತೊಂದರೆಯ ಮೂಲವೂ ಹೌದು. ಎರೆ ಗಾಳಿಯಲ್ಲಿ ನಿಧಾನವಾಗುತ್ತದೆ, ಸ್ಪೂಲ್ ಮಾತ್ರ ಹಳೆಯ ವೇಗದಲ್ಲೇ ತಿರುಗುತ್ತಿರುತ್ತದೆ. ಹೊರಹೋಗಲಾರದ ದಾರ ಸ್ಪೂಲಿನ ಮೇಲೇ ಗುಡ್ಡೆಯಾಗಿ, ನೋಡನೋಡುತ್ತಿದ್ದಂತೆ ಹಕ್ಕಿಗೂಡಾಗುತ್ತದೆ. ಇದನ್ನು ತಡೆಯಲು ಬ್ರೇಕ್ ಕೊಟ್ಟಿರುತ್ತಾರೆ. ಮ್ಯಾಗ್ನೆಟಿಕ್ ಬ್ರೇಕಿನಲ್ಲಿ ಆಯಸ್ಕಾಂತಗಳು ಮುಟ್ಟದೆಯೇ ಸ್ಪೂಲನ್ನು ಹಿಡಿದೆಳೆಯುತ್ತವೆ, ಹೊರಗಿನ ಡಯಲ್ ತಿರುಗಿಸಿ ಹೆಚ್ಚುಕಡಿಮೆ ಮಾಡಬಹುದು. ಸೆಂಟ್ರಿಫ್ಯೂಗಲ್ ಬ್ರೇಕಿನಲ್ಲಿ ಸ್ಪೂಲ್ ಜೋರಾಗಿ ತಿರುಗಿದಾಗ ಸಣ್ಣ ತುಂಡುಗಳು ಹೊರಕ್ಕೆ ಸರಿದು ಉಜ್ಜುತ್ತವೆ. ಹೀಗಾಗಿ ಎಸೆತದ ಶುರುವಿನಲ್ಲಿ ಹಿಡಿತ ಹೆಚ್ಚು, ಕೊನೆಯಲ್ಲಿ ಕಡಿಮೆ. ಹೊಸಬರಿಗೆ ಹೊರಗಿನಿಂದ ಹೊಂದಿಸಬಹುದಾದ ಮ್ಯಾಗ್ನೆಟಿಕ್ ಸಲೀಸು. ಎರಡರ ಜೊತೆಗೂ ಹ್ಯಾಂಡಲ್ ಪಕ್ಕದಲ್ಲೊಂದು ಸಣ್ಣ ಗುಂಡಿ ಇರುತ್ತದೆ. ಎರೆಯನ್ನು ರಾಡಿನ ತುದಿಯಿಂದ ನೇತುಹಾಕಿ, ಸ್ಪೂಲ್ ಬಿಡುವ ಬಟನ್ ಒತ್ತಿ. ಎರೆ ಮೆಲ್ಲಗೆ ಇಳಿಯಬೇಕು, ನೆಲ ಮುಟ್ಟಿದ ಕೂಡಲೇ ಸ್ಪೂಲ್ ನಿಲ್ಲಬೇಕು. ಅಲ್ಲಿಯವರೆಗೆ ಆ ಗುಂಡಿಯನ್ನು ತಿರುಗಿಸುತ್ತಾ ಹೋಗಿ. ಎರೆ ಬದಲಿಸಿದಾಗಲೆಲ್ಲ ಇದನ್ನು ಮತ್ತೆ ಮಾಡಬೇಕು.

ನಿಮ್ಮ ಚೀಟಿಯಲ್ಲಿ 7 ಗ್ರಾಂಗಿಂತ ಕಡಿಮೆ ಬರೆದಿದ್ದರೆ ಸಾಮಾನ್ಯ ಬೇಟ್‌ಕಾಸ್ಟರಿನ ಆಸೆ ಬಿಡಿ. ಅಷ್ಟು ಹಗುರ ಎರೆಗೆ ಸ್ಪೂಲನ್ನು ತಿರುಗಿಸುವ ಶಕ್ತಿ ಸಾಲದು. ಅದಕ್ಕೆಂದೇ ಹಗುರ, ಆಳವಿಲ್ಲದ ಸ್ಪೂಲಿನ ವಿಶೇಷ ರೀಲುಗಳಿವೆ, ಆದರೆ ಅವು ಮೊದಲ ರೀಲ್ ಅಲ್ಲ. ಇನ್ನೊಂದು ಮಾತು, ಬೇಟ್‌ಕಾಸ್ಟರಿನ ಹ್ಯಾಂಡಲನ್ನು ಬದಿ ಬದಲಿಸಲಾಗದು. ಎಡಗೈಯದೋ ಬಲಗೈಯದೋ ಎಂದು ಕೊಳ್ಳುವಾಗಲೇ ತೀರ್ಮಾನಿಸಬೇಕು. ಮಾದರಿಯ ಹೆಸರಿನ ಕೊನೆಯ ಒಂದಕ್ಷರ ತಪ್ಪಿ ಓದಿ ಆನ್‌ಲೈನಿನಲ್ಲಿ ತರಿಸಿದವರು ಪೇಚಾಡುವುದು ಹೊಸದೇನಲ್ಲ.

ಸ್ಪಿನ್‌ಕಾಸ್ಟ್ ರೀಲಿಗೆ ಮೂತಿಯ ಮೇಲೊಂದು ಮುಚ್ಚಳ, ಹಿಂದೊಂದು ಒತ್ತುಗುಂಡಿ. ಒತ್ತಿ ಹಿಡಿದು ಬೀಸಿ ಬಿಟ್ಟರೆ ಎಸೆತ ಆಯಿತು. ಎಣ್ಣೆಬಾವಿಗಳಿಗೆ ಸಿಡಿಮದ್ದಿನ ಸಾಧನ ಮಾಡುತ್ತಿದ್ದ ಝೀರೊ ಅವರ್ ಬಾಂಬ್ ಕಂಪನಿ ಅಮೆರಿಕದಲ್ಲಿ 1949ರಲ್ಲಿ ಇದನ್ನು ಮಾರುಕಟ್ಟೆಗೆ ತಂದಿತು. ಝೆಬ್ಕೊ ಎಂಬ ಹೆಸರು ಅದರಿಂದಲೇ ಬಂದದ್ದು. ಮಕ್ಕಳ ಕೈಗೆ ಕೊಡಲು ಒಳ್ಳೆಯದು. ದಾರ ಕಡಿಮೆ ಹಿಡಿಸುತ್ತದೆ, ಡ್ರ್ಯಾಗ್ ಸಾಧಾರಣ, ಮುಚ್ಚಳದ ತೂತಿನಲ್ಲಿ ದಾರ ಉಜ್ಜಿ ಎಸೆತದ ದೂರ ಕುಗ್ಗುತ್ತದೆ. ದೊಡ್ಡವರು ಕಲಿಯಲು ಇದನ್ನು ಕೊಂಡರೆ ಬೇಗನೆ ಇನ್ನೊಂದು ಕೊಳ್ಳಬೇಕಾಗುತ್ತದೆ.

ದೋಣಿಯಿಂದ ಎರೆ ಎಳೆದುಕೊಂಡು ಹೋಗುವುದಕ್ಕೆ, ಆಳಕ್ಕೆ ನೇರ ಇಳಿಸುವುದಕ್ಕೆ ಇರುವುದು ಟ್ರೋಲಿಂಗ್ ರೀಲ್. ಇದೂ ತಿರುಗುವ ಸ್ಪೂಲಿನದೇ, ಗಾತ್ರ ದೊಡ್ಡದು. ಇಲ್ಲಿ ಹೋಲಿಸಬೇಕಾದ್ದು ಸ್ಟಾರ್ ಡ್ರ್ಯಾಗ್ ಮತ್ತು ಲಿವರ್ ಡ್ರ್ಯಾಗ್. ಸ್ಟಾರ್ ಡ್ರ್ಯಾಗಿನಲ್ಲಿ ಹ್ಯಾಂಡಲಿನ ಬುಡದ ನಕ್ಷತ್ರಾಕಾರದ ಚಕ್ರ ತಿರುಗಿಸಿ ಬಿಗಿ ಮಾಡುತ್ತೀರಿ, ಎಷ್ಟು ಬಿಗಿಯಾಯಿತು ಎನ್ನುವುದು ಕೈಯಂದಾಜು. ಲಿವರಿನಲ್ಲಿ ಬಿಡುಗಡೆ, ಗಾಳ ಕಚ್ಚಿಸುವ ಬಿಗಿ, ಪೂರ್ತಿ ಬಿಗಿ ಎಂಬ ಸ್ಥಾನಗಳು ಗುರುತಾಗಿರುತ್ತವೆ. ಮೊದಲೇ ತಕ್ಕಡಿಯಲ್ಲಿ ಅಳೆದಿಟ್ಟ ಬಿಗಿಗೆ ಮೀನಿನ ಜೊತೆ ಹೋರಾಡುತ್ತಲೇ ಮರಳಿ ಬರಬಹುದು. ಟ್ಯೂನಾ, ಮಾರ್ಲಿನ್ ಹಿಂದೆ ಹೋಗುವವರು ಲಿವರನ್ನೇ ಕೇಳುವುದು ಇದಕ್ಕೆ. ಇಂಥ ರೀಲುಗಳ ಮೇಲಿನ 30, 50, 80, 130 ಎಂಬ ಗುರುತುಗಳು ಎಷ್ಟು ಪೌಂಡಿನ ದಾರಕ್ಕೆಂದು ಮಾಡಿದ್ದು ಎಂಬುದನ್ನು ಹೇಳುತ್ತವೆ.

ಫ್ಲೈ ರೀಲ್ ಬೇರೆಯೇ ಲೋಕ. ಅಲ್ಲಿ ಎಸೆಯುವುದು ಎರೆಯ ತೂಕವನ್ನಲ್ಲ, ದಾರದ ತೂಕವನ್ನೇ. ರೀಲಿನ ಕೆಲಸ ದಾರ ಇಟ್ಟುಕೊಳ್ಳುವುದು, ದೊಡ್ಡ ಮೀನಾದರೆ ಡ್ರ್ಯಾಗ್ ಕೊಡುವುದು, ಅಷ್ಟೇ. ಹೆಚ್ಚಿನವುಗಳಲ್ಲಿ ಗೇರೇ ಇಲ್ಲ, ಹ್ಯಾಂಡಲ್ ಒಂದು ಸುತ್ತಿಗೆ ಸ್ಪೂಲ್ ಒಂದು ಸುತ್ತು. ರಾಡಿನ ಸಂಖ್ಯೆ, ದಾರದ ಸಂಖ್ಯೆ, ರೀಲಿನ ಸಂಖ್ಯೆ ಹೊಂದಿದರೆ ಸಾಕು. ಹೊಳೆಯ ಸಣ್ಣ ಮೀನಿಗೆ ಕ್ಲಿಕ್ ಎನ್ನುವ ಸರಳ ತಡೆ ನಡೆಯುತ್ತದೆ, ಸಮುದ್ರಕ್ಕಾದರೆ ಮುಚ್ಚಿದ ಡಿಸ್ಕ್ ಡ್ರ್ಯಾಗ್ ಬೇಕು. ದಾರ ಸುತ್ತುವ ನಡುಗುಂಬ ದೊಡ್ಡದಿರುವ ಸ್ಪೂಲ್ ಆರಿಸಿದರೆ ದಾರ ಬೇಗ ಒಳಬರುತ್ತದೆ, ಬಿಚ್ಚಿದ ಮೇಲೂ ಸುರುಳಿಯಾಗಿಯೇ ಉಳಿಯುವುದೂ ಕಡಿಮೆ.

ಸೈಜ್ ಸಂಖ್ಯೆಯನ್ನು ನಂಬದಿರಿ

ಸ್ಪಿನ್ನಿಂಗ್ ರೀಲಿನ ಮೇಲೆ 1000, 2500, 4000, 8000 ಎಂದೆಲ್ಲ ಇರುತ್ತದೆ. ದೊಡ್ಡ ಸಂಖ್ಯೆ ಎಂದರೆ ದೊಡ್ಡ ರೀಲ್, ಅಷ್ಟು ನಿಜ. ಆದರೆ ಇದು ಮಿಲಿಮೀಟರೂ ಅಲ್ಲ, ಗ್ರಾಮೂ ಅಲ್ಲ, ಎಲ್ಲ ಕಂಪನಿಗಳೂ ಒಪ್ಪಿಕೊಂಡ ಅಳತೆಯೂ ಅಲ್ಲ. ಒಬ್ಬರ 3000 ಇನ್ನೊಬ್ಬರ 4000 ಆಗಿರಬಹುದು. ಡೈವಾ ಕಂಪನಿ ತನ್ನ ಹಗುರ ಎಲ್‌ಟಿ ಸರಣಿ ತಂದಾಗ ಸೈಜ್ ಸಂಖ್ಯೆಗಳ ಲೆಕ್ಕವನ್ನೇ ಬದಲಿಸಿತು. ಹಾಗಾಗಿ ಅದೇ ಕಂಪನಿಯ ಹಳೆಯ ರೀಲನ್ನೂ ಹೊಸದನ್ನೂ ಸಂಖ್ಯೆ ನೋಡಿ ಹೋಲಿಸಲಾಗದು. ಶಿಮಾನೊದ ಸಿ3000 ಎಂಬಲ್ಲಿನ ಸಿ ಅಕ್ಷರ, ಒಡಲು ಚಿಕ್ಕದು, ಸ್ಪೂಲ್ ಮಾತ್ರ 3000ದ್ದು ಎಂದು ಹೇಳುತ್ತದೆ.

ಆದ್ದರಿಂದ ಸೈಜ್ ಬದಲು ಎರಡೇ ಅಂಕಿ ಚೀಟಿಗೆ ಇಳಿಸಿಕೊಳ್ಳಿ: ತೂಕ ಎಷ್ಟು ಗ್ರಾಂ, ದಾರ ಎಷ್ಟು ಹಿಡಿಸುತ್ತದೆ. ಸ್ಪೂಲಿನ ಮೇಲೆ 0.30 ಮಿ.ಮೀ. – 150 ಮೀ. ಎಂದಿದೆ, ನಿಮ್ಮ ದಾರ 0.20 ಮಿ.ಮೀ. ಎಂದುಕೊಳ್ಳಿ. ಎರಡು ದಪ್ಪಗಳನ್ನು ಭಾಗಿಸಿ: 0.30 ÷ 0.20 = 1.5. ಅದರ ವರ್ಗ 2.25. ಅದನ್ನು 150ರಿಂದ ಗುಣಿಸಿದರೆ ಸುಮಾರು 337 ಮೀಟರ್. ದಪ್ಪದ ವರ್ಗ ತೆಗೆದುಕೊಳ್ಳುವುದನ್ನು ಮರೆತು ಬರೀ 1.5ರಿಂದ ಗುಣಿಸಿದರೆ ನೂರಕ್ಕೂ ಹೆಚ್ಚು ಮೀಟರ್ ತಪ್ಪುತ್ತದೆ. ಹೆಣೆದ ಬ್ರೇಡ್ ದಾರಕ್ಕೆ ಈ ಲೆಕ್ಕ ಅಂದಾಜು ಮಾತ್ರ. ಅದು ಚಪ್ಪಟೆಯಾಗುತ್ತದೆ, ಎಷ್ಟು ಬಿಗಿಯಾಗಿ ಸುತ್ತಿದಿರಿ ಎಂಬುದರ ಮೇಲೆ ಹೆಚ್ಚುಕಡಿಮೆ ಆಗುತ್ತದೆ. ಡಬ್ಬಿಯ ಮೇಲಿನ ದಪ್ಪವೂ ಎಲ್ಲ ಕಂಪನಿಯಲ್ಲಿ ಒಂದೇ ರೀತಿ ಅಳೆದದ್ದಲ್ಲ.

ದಾರ ಹೆಚ್ಚು ಹಿಡಿಸಿದಷ್ಟೂ ಒಳ್ಳೆಯದೆಂದೇನಿಲ್ಲ. ಐವತ್ತು ಮೀಟರ್ ಎಸೆಯುವವರಿಗೆ ಆಳದ ಸ್ಪೂಲ್ ಎಂದರೆ ಅಡಿಯಲ್ಲಿ ಎಂದೂ ಬೆಳಕು ಕಾಣದ ದಾರಕ್ಕೆ ದುಡ್ಡು. ತೆಳು ಬ್ರೇಡ್ ಬಳಸುವವರು ಆಳ ಕಡಿಮೆಯ ಸ್ಪೂಲ್ ಇದೆಯೇ ಎಂದು ಕೇಳಿ. ಇಲ್ಲದಿದ್ದರೆ ಅಡಿಗೆ ಹಳೆಯ ಮಾನೊ (ಒಂದೇ ಎಳೆಯ) ದಾರ ತುಂಬಿ. ಸ್ಪೂಲಿನ ಮೇಲೆ ಬ್ರೇಡ್ ಜಾರದಂತೆ ಹಿಡಿಯುವುದಕ್ಕೂ ಅದು ಬೇಕು.

ಅನುಪಾತ ಬಿಟ್ಟು ಸೆಂಟಿಮೀಟರ್ ಕೇಳಿ

ಗೇರ್ ಅನುಪಾತ 6.2:1 ಎಂದರೆ ಹ್ಯಾಂಡಲ್ ಒಂದು ಸುತ್ತು ತಿರುಗಿದಾಗ ರೋಟರ್ ಅಥವಾ ಸ್ಪೂಲ್ 6.2 ಸುತ್ತು ತಿರುಗುತ್ತದೆ. ಆದರೆ ಒಳಬರುವ ದಾರ ಎಷ್ಟು? ಅದಕ್ಕೆ ಸ್ಪೂಲಿನ ವ್ಯಾಸವೂ ಸೇರಬೇಕು. ದಾರ ತುಂಬಿದಾಗ 45 ಮಿ.ಮೀ. ವ್ಯಾಸದ ಸ್ಪಿನ್ನಿಂಗ್ ಸ್ಪೂಲ್ ತೆಗೆದುಕೊಳ್ಳಿ. ಸುತ್ತಳತೆ ಸುಮಾರು 141 ಮಿ.ಮೀ., 6.2ರಿಂದ ಗುಣಿಸಿದರೆ 87 ಸೆಂ.ಮೀ. ಚಿಲ್ಲರೆ. ಪಕ್ಕದಲ್ಲಿ 34 ಮಿ.ಮೀ. ಸ್ಪೂಲಿನ ಬೇಟ್‌ಕಾಸ್ಟರ್, ಅನುಪಾತ 7.1:1, ಹೈ ಸ್ಪೀಡ್ ಎಂದು ಬೇರೆ ಬರೆದಿದೆ. ಸುತ್ತಳತೆ 107 ಮಿ.ಮೀ., ಒಳಬರುವುದು 76 ಸೆಂ.ಮೀ. ಅನುಪಾತ ಕಡಿಮೆ ಇರುವ ರೀಲೇ ಇಲ್ಲಿ ವೇಗದ್ದು.

ಸ್ಪೂಲ್ ಬರಿದಾಗುತ್ತಾ ಹೋದಂತೆ ಈ ಲೆಕ್ಕ ಇಳಿಯುತ್ತದೆ. ಅದೇ 45 ಮಿ.ಮೀ. ಸ್ಪೂಲಿನ ದಾರ ಮೀನಿನ ಓಟಕ್ಕೆ ಕರಗಿ ವ್ಯಾಸ 35ಕ್ಕೆ ಇಳಿದರೆ ಸುತ್ತಿಗೆ 68 ಸೆಂ.ಮೀ. ಮಾತ್ರ. ಹೆಚ್ಚಿನ ಕಂಪನಿಗಳು ಸುತ್ತಿಗೆ ಇಷ್ಟು ಸೆಂ.ಮೀ. ಎಂದು ಬರೆದೇ ಇರುತ್ತವೆ. ಅದು ತುಂಬಿದ ಸ್ಪೂಲಿನ ಲೆಕ್ಕ.

ವೇಗ ಹೆಚ್ಚಿದಷ್ಟೂ ಕೈಗೆ ಭಾರ. ನೀರನ್ನು ತಳ್ಳಿಕೊಂಡು ಬರುವ ಅಗಲ ಮೂತಿಯ ಲ್ಯೂರ್, ಆಳದಿಂದ ಎತ್ತುವ ಭಾರ, ಇವಕ್ಕೆ ಐದರ ಆಸುಪಾಸಿನ ಅನುಪಾತ ಹಿತ. ರಾಡಿನ ತುದಿಯಿಂದ ಕುಣಿಸುತ್ತಾ, ನಡುವೆ ಸಡಿಲವಾದ ದಾರವನ್ನು ಸರಕ್ಕನೆ ಎಳೆದುಕೊಳ್ಳಬೇಕಾದ ಲ್ಯೂರುಗಳಿಗೆ ಏಳರ ಮೇಲಿನದು. ಒಂದೇ ರೀಲಿನಲ್ಲಿ ಎಲ್ಲ ಮಾಡುವವರು ಆರರ ಹತ್ತಿರ ಇರಿ. ಹ್ಯಾಂಡಲಿನ ಉದ್ದವನ್ನೂ ನೋಡಿ. ಅದೇ ಅನುಪಾತದ ಎರಡು ರೀಲುಗಳಲ್ಲಿ ಉದ್ದ ಹ್ಯಾಂಡಲಿನದು ಹಗುರವಾಗಿ ತಿರುಗುತ್ತದೆ. ಡಬ್ಬಿಯ ಮುಂಭಾಗದಲ್ಲಿ ಇದನ್ನು ಯಾರೂ ಬರೆಯುವುದಿಲ್ಲ.

ಡ್ರ್ಯಾಗ್: ಕಿಲೊ ಅಲ್ಲ, ನಯ

ಇಡೀ ಹೋಲಿಕೆಯಲ್ಲಿ ಹೆಚ್ಚು ಹೊತ್ತು ಕೊಡಬೇಕಾದ್ದು ಇಲ್ಲಿ. ಡ್ರ್ಯಾಗ್ ಎಂದರೆ ಸ್ಪೂಲನ್ನು ಒತ್ತಿ ಹಿಡಿದ ವಾಷರುಗಳ ಅಟ್ಟಿ. ಮೀನು ಒಂದು ಮಿತಿ ಮೀರಿ ಎಳೆದಾಗ ಅವು ಜಾರಿ ದಾರ ಬಿಡುತ್ತವೆ, ದಾರ ಕಡಿಯದೆ ಉಳಿಯುತ್ತದೆ. ದಾರ ತಡೆಯುವ ಭಾರದ ಕಾಲು ಭಾಗದಿಂದ ಮೂರನೇ ಒಂದು ಭಾಗದವರೆಗೆ ಡ್ರ್ಯಾಗ್ ಇಡುವುದು ರೂಢಿ. ನಿಮ್ಮ ದಾರ 6 ಕಿಲೊದ್ದಾದರೆ ಒಂದೂವರೆಯಿಂದ ಎರಡು ಕಿಲೊ. ಆ ದಾರಕ್ಕೆ 12 ಕಿಲೊ ಡ್ರ್ಯಾಗ್ ಎಂದು ಬರೆದ ರೀಲ್ ಕೊಂಡು ಏನು ಮಾಡುತ್ತೀರಿ? ಆ ಹನ್ನೆರಡನ್ನು ಮುಟ್ಟುವ ಎಷ್ಟೋ ಮೊದಲು ದಾರ ಹೋಗಿರುತ್ತದೆ. ಗಂಟು ಅದಕ್ಕೂ ಮೊದಲು.

ಗರಿಷ್ಠ ಅಂಕಿಗಿಂತ ಮುಖ್ಯ, ನಿಂತ ಸ್ಪೂಲ್ ಜಾರಲು ಶುರುಮಾಡುವ ಆ ಗಳಿಗೆ. ಕಳಪೆ ಡ್ರ್ಯಾಗ್ ಮೊದಲು ಅಂಟಿಕೊಂಡಿರುತ್ತದೆ, ಎಳೆತ ಏರಿ ಏರಿ ಆಮೇಲೆ ಒಮ್ಮೆಲೇ ಬಿಡುತ್ತದೆ. ತೆಳು ದಾರ ಕಡಿಯುವುದು ಈ ಅಂಟಿನಲ್ಲೇ. ಪರೀಕ್ಷೆ ಹೀಗೆ: ರೀಲನ್ನು ರಾಡಿಗೆ ಹಾಕಿಸಿ, ದಾರ ಕಟ್ಟಿ, ತುದಿಗೆ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ, ನಿಮಗೆ ಬೇಕಾದ ಬಿಗಿಗೆ ಡ್ರ್ಯಾಗ್ ತಿರುಗಿಸಿ. ಈಗ ಮೆಲ್ಲಗೆ ಎಳೆಯಿರಿ. ಮುಳ್ಳು 2 ಕಿಲೊಗೆ ಏರಿ ಅಲ್ಲೇ ಸ್ವಲ್ಪ ಅಲುಗಾಡುತ್ತಾ ದಾರ ಬರುತ್ತಿದ್ದರೆ ಸರಿ. ಮೂರಕ್ಕೆ ಜಿಗಿದು, ಸ್ಪೂಲ್ ತಟ್ಟನೆ ಬಿಟ್ಟು, ಒಂದೂವರೆಗೆ ಬಿದ್ದು, ಮತ್ತೆ ಜಿಗಿದರೆ ಆ ರೀಲನ್ನು ಅಲ್ಲೇ ಇಟ್ಟುಬಿಡಿ. ತಕ್ಕಡಿ ಇಲ್ಲವಾದರೆ ಎರಡು ಬೆರಳಿನಲ್ಲಿ ದಾರ ಹಿಡಿದು ಬಹಳ ನಿಧಾನವಾಗಿ ಎಳೆಯಿರಿ. ಜೋರಾಗಿ ಎಳೆದರೆ ಎಲ್ಲ ಡ್ರ್ಯಾಗೂ ನಯವೆನಿಸುತ್ತದೆ, ನಿಧಾನದಲ್ಲಿ ಮಾತ್ರ ಬಣ್ಣ ಬಯಲಾಗುತ್ತದೆ. ಮಾರುವವರು ಸಾಮಾನ್ಯವಾಗಿ ಜೋರಾಗಿ ಎಳೆದು ತೋರಿಸುತ್ತಾರೆ.

ಡ್ರ್ಯಾಗ್ ಗುಂಡಿ ಎಷ್ಟು ತಿರುಗಿದರೆ ಎಷ್ಟು ಬಿಗಿಯಾಗುತ್ತದೆ ಎಂಬುದನ್ನೂ ನೋಡಿ. ಕಾಲು ಸುತ್ತಿನಲ್ಲಿ ಸಡಿಲದಿಂದ ಪೂರ್ತಿ ಬಿಗಿಗೆ ಹೋದರೆ ನಡುವೆ ಹೊಂದಿಸಲು ಜಾಗವೇ ಇಲ್ಲ.

ಇನ್ನೊಂದು ಸಂಗತಿ, ಗೊತ್ತಿರಬೇಕಾದ್ದು. ಸ್ಪೂಲಿನ ಮೇಲಿನ ದಾರ ಕಡಿಮೆಯಾದಂತೆ, ನೀವು ಗುಂಡಿ ಮುಟ್ಟದಿದ್ದರೂ ಎಳೆತ ಏರುತ್ತದೆ. ವಾಷರುಗಳ ಹಿಡಿತ ಅಷ್ಟೇ ಇರುತ್ತದೆ, ಆದರೆ ದಾರ ಎಳೆಯುವ ತ್ರಿಜ್ಯ ಕಿರಿದಾಗುತ್ತದೆ. ತುಂಬಿದ ಸ್ಪೂಲಿನ ತ್ರಿಜ್ಯ 25 ಮಿ.ಮೀ. ಇದ್ದಾಗ 2 ಕಿಲೊಗೆ ಇಟ್ಟಿದ್ದ ಡ್ರ್ಯಾಗ್, ತ್ರಿಜ್ಯ 15ಕ್ಕೆ ಇಳಿದಾಗ 3.3 ಕಿಲೊ ಆಗಿರುತ್ತದೆ. ದೂರ ಓಡಿದ ದೊಡ್ಡ ಮೀನು ಕೊನೆಯಲ್ಲಿ ದಾರ ಕಡಿದುಕೊಂಡು ಹೋಗುವುದಕ್ಕೆ ಇದೂ ಒಂದು ಕಾರಣ. ಓಡುವ ಮೀನಿಗೆ ಅಗಲ ಸ್ಪೂಲ್ ಬೇಕು ಎನ್ನುವುದು ಇದಕ್ಕೇ. ಅಗಲ ಕಡಿಮೆಯ ಆಳ ಸ್ಪೂಲಿನಲ್ಲಿ ಅಷ್ಟೇ ಮೀಟರ್ ಹೋದಾಗ ತ್ರಿಜ್ಯ ಹೆಚ್ಚು ಕುಸಿಯುತ್ತದೆ.

ವಾಷರುಗಳಲ್ಲಿ ಎಣ್ಣೆ ಹಾಕಿದ ಫೆಲ್ಟ್ ಸಣ್ಣ ಬಿಗಿಯಲ್ಲಿ ತುಂಬ ನಯ, ಹಗುರ ರೀಲಿಗೆ ಅದೇ ಸರಿ. ಕಾರ್ಬನ್ ಫೈಬರ್ ವಾಷರ್ ಬಿಸಿ ತಡೆಯುತ್ತದೆ, ಉದ್ದ ಓಟಕ್ಕೆ ಅದು. ಡ್ರ್ಯಾಗ್ ಗುಂಡಿ ಸ್ಪೂಲಿನ ಮುಂದಿದೆಯೋ ರೀಲಿನ ಹಿಂದಿದೆಯೋ ನೋಡಿ. ಹಿಂದಿನದು ಕೈಗೆ ಬೇಗ ಸಿಗುತ್ತದೆ. ಮುಂದಿನದರಲ್ಲಿ ಅಗಲ ವಾಷರುಗಳು ಸ್ಪೂಲನ್ನು ನೇರವಾಗಿ ಹಿಡಿಯುತ್ತವೆ, ಬಲ ಹೆಚ್ಚು. ನಾನು ಮುಂದಿನದರ ಕಡೆ. ಎರೆಯನ್ನು ತಳದಲ್ಲಿಟ್ಟು ಕಾರ್ಪ್‌ಗಾಗಿ ಕಾಯುವವರಿಗೆ ಮಾತ್ರ ಬೇಟ್‌ರನ್ನರ್ ಎಂಬ ಇನ್ನೊಂದು ಬಗೆ ಇದೆ. ಅದರ ಹಿಂಬದಿಯ ಸಣ್ಣ ಲಿವರ್ ಒತ್ತಿದರೆ ಮೀನು ಸಲೀಸಾಗಿ ದಾರ ಎಳೆದುಕೊಂಡು ಹೋಗುತ್ತದೆ, ಹ್ಯಾಂಡಲ್ ತಿರುಗಿಸಿದ ಕೂಡಲೇ ಮುಖ್ಯ ಡ್ರ್ಯಾಗ್ ಹಿಡಿಯುತ್ತದೆ.

ಬೇರಿಂಗ್, ಒಡಲು, ಉಪ್ಪುನೀರು

ಬೇರಿಂಗ್ ಎಣಿಕೆಯ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಮುಖ್ಯ ಗೇರಿನ ಎರಡು ಬದಿ, ಅದಕ್ಕೆ ಕಚ್ಚಿಕೊಳ್ಳುವ ಸಣ್ಣ ಗೇರಾದ ಪಿನಿಯನ್, ದಾರ ಹಾದುಹೋಗುವ ಲೈನ್ ರೋಲರ್, ಈ ಜಾಗಗಳಲ್ಲಿ ಒಳ್ಳೆಯ, ಮುಚ್ಚಿದ ಬೇರಿಂಗ್ ಇದ್ದರೆ ಮುಕ್ಕಾಲು ಕೆಲಸ ಆಯಿತು. ಹ್ಯಾಂಡಲಿನ ಹಿಡಿಯೊಳಗೆ ನಾಲ್ಕು ತುರುಕಿ ಎಣಿಕೆ ಹೆಚ್ಚಿಸುವುದು ಸುಲಭ. ಬೇರಿಂಗ್ ಎಷ್ಟು ಎಂಬುದಕ್ಕಿಂತ ಎಲ್ಲೆಲ್ಲಿ ಎಂದು ಕೇಳಿ.

ಒಡಲು ಗ್ರ್ಯಾಫೈಟ್ ಮಿಶ್ರಿತ ಪ್ಲಾಸ್ಟಿಕ್ಕಿನದಾದರೆ ಹಗುರ, ತುಕ್ಕಿಲ್ಲ, ಆದರೆ ಭಾರಕ್ಕೆ ಬಾಗುತ್ತದೆ. ಬಾಗಿದರೆ ಗೇರುಗಳ ಹಲ್ಲು ಸರಿಯಾಗಿ ಕೂರುವುದಿಲ್ಲ, ಬೇಗ ಸವೆಯುತ್ತವೆ. ಅಲ್ಯೂಮಿನಿಯಂ ಭಾರ, ಗಟ್ಟಿ. ಮೆಗ್ನೀಸಿಯಂ ಅದಕ್ಕಿಂತ ಹಗುರ, ಆದರೆ ಮೇಲಿನ ಲೇಪ ಗೀರಿದ ಜಾಗದಲ್ಲಿ ಉಪ್ಪುನೀರು ಅದನ್ನು ತಿಂದುಹಾಕುತ್ತದೆ. ಹ್ಯಾಂಡಲ್ ನೇರ ಗೇರಿನೊಳಕ್ಕೆ ತಿರುಚಿ ಕೂರುವಂಥದ್ದಿದ್ದರೆ ಅಲುಗಾಟ ಕಡಿಮೆ. ಆಚೆ ಬದಿಯಿಂದ ಬೋಲ್ಟ್ ಹಾಕಿ, ಮಡಚಲು ಬರುವ ಹ್ಯಾಂಡಲಿನಲ್ಲಿ ಸಂದು ಬರುವುದು ಬೇಗ.

ಸಮುದ್ರಕ್ಕೆ ಒಯ್ಯುವವರು ನೀರು ಒಳಹೋಗದಂತೆ ತಡೆಯುವ ಸೀಲುಗಳ ಬಗ್ಗೆ ಕೇಳಲೇಬೇಕು. ಕೆಲವು ರೀಲುಗಳ ಮೇಲೆ ಐಪಿಎಕ್ಸ್5, ಐಪಿಎಕ್ಸ್6, ಐಪಿಎಕ್ಸ್8 ಎಂಬ ಗುರುತಿರುತ್ತದೆ. ಮೊದಲೆರಡು ರಭಸವಾಗಿ ಚಿಮ್ಮುವ ನೀರಿಗೆ, ಮೂರನೆಯದು ಮುಳುಗುವುದಕ್ಕೆ. ಇವು ಹೊಸ ರೀಲಿನ ಮೇಲೆ ಸಿಹಿನೀರಿನಲ್ಲಿ ಮಾಡಿದ ಪರೀಕ್ಷೆಗಳು, ಸೀಲ್ ಹಳತಾದ ಮೇಲೆ ಏನೆಂದು ಹೇಳುವುದಿಲ್ಲ. ಸೀಲ್ ಹೆಚ್ಚಿದ್ದರೆ ಹ್ಯಾಂಡಲ್ ತುಸು ಬಿಗಿಯಾಗಿ ತಿರುಗುತ್ತದೆ ಎಂಬುದೂ ನೆನಪಿರಲಿ. ಅಂಗಡಿಯಲ್ಲಿ ಗಾಳಿಯಲ್ಲಿ ಗರಗರ ತಿರುಗುವ ರೀಲನ್ನು ಮೆಚ್ಚಿ, ಬಿಗಿಯಾಗಿ ತಿರುಗುವುದನ್ನು ಕಳಪೆ ಎಂದುಕೊಳ್ಳುವುದು ಉಪ್ಪುನೀರಿನವರಿಗೆ ಸಲ್ಲ.

ಕೈಯಲ್ಲಿ ಹಿಡಿದಾಗ

ಪಟ್ಟಿಯಲ್ಲಿ ಎರಡೋ ಮೂರೋ ರೀಲ್ ಉಳಿದ ಮೇಲೆ ಈ ಕ್ರಮದಲ್ಲಿ ನೋಡಿ:

1. ನಿಮ್ಮದೇ ರಾಡಿಗೆ ಹಾಕಿ ಹಿಡಿಯಿರಿ. ತೋರುಬೆರಳಿನ ಮೇಲೆ ರಾಡ್ ಸಮತೂಕ ನಿಲ್ಲಬೇಕಾದ್ದು ಹೆಚ್ಚುಕಡಿಮೆ ರೀಲಿನ ಕಾಲಿನ ಆಸುಪಾಸು. ತುದಿ ಕೆಳಗೆ ವಾಲುತ್ತಿದ್ದರೆ ಸಂಜೆಯ ಹೊತ್ತಿಗೆ ಮಣಿಕಟ್ಟು ಹೇಳುತ್ತದೆ.
2. ಹ್ಯಾಂಡಲನ್ನು ಬಹಳ ನಿಧಾನ ತಿರುಗಿಸಿ, ಕಣ್ಣು ಮುಚ್ಚಿ. ಪ್ರತಿ ಸುತ್ತಿನಲ್ಲೂ ಒಂದೇ ಜಾಗದಲ್ಲಿ ಕಚ್ಚಿದಂತಾದರೆ ಗೇರಿನ ದೋಷ. ಆಮೇಲೆ ಜೋರಾಗಿ ತಿರುಗಿಸಿ ಕೈಬಿಡಿ. ಸ್ಪಿನ್ನಿಂಗ್ ರೀಲ್ ಕುಲುಕಾಡಿದರೆ ರೋಟರ್ ಸಮತೂಕದಲ್ಲಿಲ್ಲ.
3. ಹ್ಯಾಂಡಲನ್ನು ಹಿಂದಕ್ಕೆ ತಳ್ಳಿ. ತಕ್ಷಣ ನಿಲ್ಲಬೇಕು, ಒಂದಿಷ್ಟು ಹಿಂದೆ ಹೋಗಿ ಟಕ್ಕೆಂದು ನಿಂತರೆ ಗಾಳ ಕಚ್ಚಿಸುವ ಎಳೆತದ ಒಂದು ಪಾಲು ಅಲ್ಲೇ ಸೋರಿಹೋಗುತ್ತದೆ.
4. ಬೇಲನ್ನು ಎತ್ತಿ ಮುಚ್ಚಿ, ಹತ್ತು ಸಲ. ಸ್ಪ್ರಿಂಗ್ ಒಂದೇ ಬಿಗಿಯಲ್ಲಿರಬೇಕು. ಲೈನ್ ರೋಲರನ್ನು ಉಗುರಿನಿಂದ ಸವರಿ, ತಿರುಗಬೇಕು. ತಿರುಗದ ರೋಲರ್ ದಾರವನ್ನು ಗರಗಸದ ಹಾಗೆ ಸವೆಸುತ್ತದೆ.
5. ಸ್ಪೂಲಿನ ಅಂಚಿನ ಸುತ್ತ ಬೆರಳಾಡಿಸಿ. ಗೀರು ಕಂಡರೆ ಬೇರೆ ತುಂಡು ಕೇಳಿ.
6. ಬೇಟ್‌ಕಾಸ್ಟರ್ ಆದರೆ ಅಂಗೈಯಲ್ಲಿ ಇಟ್ಟು ಹೆಬ್ಬೆರಳು ಸ್ಪೂಲಿನ ಮೇಲೆ ಸಲೀಸಾಗಿ ಕೂರುತ್ತದೆಯೇ ನೋಡಿ. ಸಣ್ಣ ಕೈಗೆ ಗುಂಡನೆಯ ಹಳೇ ಬಗೆಯದು ದೊಡ್ಡದಾಗುತ್ತದೆ, ತಗ್ಗಾದ ಬಗೆಯದೇ ಲೇಸು.

ಬಿಡಿಭಾಗ, ಮತ್ತು ಹಳೆಯ ರೀಲ್

ಎರಡು ರೀಲ್ ಸಮಸಮ ನಿಂತರೆ ಬೇಲ್ ಸ್ಪ್ರಿಂಗ್, ಡ್ರ್ಯಾಗ್ ವಾಷರ್, ಹೆಚ್ಚುವರಿ ಸ್ಪೂಲ್ ಯಾವುದಕ್ಕೆ ಸಿಗುತ್ತದೆ ಎಂದು ಕೇಳಿ, ಸಿಗುವುದನ್ನೇ ಕೊಳ್ಳಿ. ರೀಲಿನ ಒಳಭಾಗಗಳ ಚಿತ್ರ ಮತ್ತು ಭಾಗಗಳ ಸಂಖ್ಯೆಯನ್ನು ಕಂಪನಿ ಕೊಡುತ್ತದೆಯೇ ಎಂಬುದು ಒಳ್ಳೆಯ ಸುಳಿವು. ಸ್ಪೂಲ್ ಎರಡಿದ್ದರೆ ಒಂದರಲ್ಲಿ ಬ್ರೇಡ್, ಇನ್ನೊಂದರಲ್ಲಿ ಮಾನೊ ಇಟ್ಟು ಒಂದೇ ರೀಲಿನಿಂದ ಎರಡರ ಕೆಲಸ ಮಾಡಿಸಬಹುದು.

ಬಳಸಿದ ರೀಲ್ ಕೊಳ್ಳುವುದು ಕೆಟ್ಟ ವ್ಯಾಪಾರವೇನಲ್ಲ. ಒಳ್ಳೆಯ ಹಳೆಯದು ಕಳಪೆ ಹೊಸದಕ್ಕಿಂತ ಎಷ್ಟೋ ಮೇಲು. ಆದರೆ ಹೊರಗಿನ ಹೊಳಪಿಗೆ ಮರುಳಾಗದೆ ರೀಲಿನ ಕಾಲಿನ ಅಡಿಭಾಗ, ತಿರುಪುಗಳ ತಲೆ, ಲೈನ್ ರೋಲರಿನ ಸಂದು ನೋಡಿ. ಉಪ್ಪಿನ ಬಿಳಿ ಪುಡಿ, ಹಸಿರು ಕಿಲುಬು ಕುಳಿತುಕೊಳ್ಳುವುದು ಅಲ್ಲೇ. ತಿರುಪಿನ ಗೀರು ಹಾಳಾಗಿದ್ದರೆ ಯಾರೋ ಬಿಚ್ಚಿ ನೋಡಿದ್ದಾರೆ, ಏಕೆಂದು ಕೇಳಿ. ಡ್ರ್ಯಾಗನ್ನು ಪೂರ್ತಿ ಬಿಗಿಯಾಗಿಟ್ಟೇ ಮೂಲೆಗಿಟ್ಟಿದ್ದ ರೀಲಾದರೆ ವಾಷರುಗಳು ಒತ್ತಿ ಚಪ್ಪಟೆಯಾಗಿರುತ್ತವೆ. ಮೇಲೆ ಹೇಳಿದ ನಿಧಾನ ಎಳೆತದ ಪರೀಕ್ಷೆಯನ್ನು ಅಲ್ಲೇ ಮಾಡಿ. ಅಂಟಿದರೂ ಉಳಿದೆಲ್ಲ ಚೆನ್ನಾಗಿದ್ದು ವಾಷರ್ ಸಿಗುತ್ತದೆಂದರೆ, ಅದರ ಬೆಲೆ ಕಳೆದು ಚೌಕಾಸಿ ಮಾಡಿ ತನ್ನಿ.